ಪ್ಲಂಬರ್ ಮೇಸ್ತ್ರಿಯ ಉರಿಮೂತ್ರ

ಪ್ಲಂಬರ್ ಮೇಸ್ತ್ರಿಗೆ ಲೋಕದಲ್ಲಿ ಇಬ್ಬರನ್ನು ಕಂಡರೆ ಆಗುತ್ತಿರಲಿಲ್ಲ. ಒಬ್ಬರು, ಗಳಿಗೆಗೊಮ್ಮೆ ಬಚ್ಚಲಿಗೆ ಓಡುವವರು. ಇನ್ನೊಬ್ಬ, ಪಕ್ಕದ ಬೀದಿಯಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ಬೇರೊಬ್ಬ ಪ್ಲಂಬರ್. ಅವನಿಗೆ ‘ಸೊಟ್ಟಪೈಪು’ ಎಂದು ಮೇಸ್ತ್ರಿಯೇ ನಾಮಕರಣ ಮಾಡಿದ್ದ.

ಕೆಲಸಕ್ಕೆ ಹೋದ ಮನೆಯ ಕಮೋಡಿಗೆ ಮೊಳಕೈವರೆಗೆ ಕೈ ಹಾಕುತ್ತಿದ್ದ ಮೇಸ್ತ್ರಿ, ಅದನ್ನು ತನಗಾಗಿ ಎಂದೂ ಬಳಸಿದವನಲ್ಲ. ಬೆಳಿಗ್ಗೆ ಮನೆಯಲ್ಲಿ ಮುಗಿಸಿ ಹೊರಟರೆ ಮತ್ತೆ ಸಂಜೆಗೇ. ನಡುವೆ ಗಂಟಲು ಒಣಗಿದರೂ ನೀರು ಮುಟ್ಟುತ್ತಿರಲಿಲ್ಲ, ವ್ರತಭಂಗವಾದೀತೆಂದು. (ಇಂಥ ಘೋರ ತಪಸ್ಸಿಗೆ ಯಾವ ದೇವರೂ ಪ್ರತ್ಯಕ್ಷನಾಗಲಿಲ್ಲ. ಪ್ರತ್ಯಕ್ಷವಾದದ್ದು ಬೇರೆಯೇ.)

ಹೊಲಿಗೆ ಯಂತ್ರದ ಮುಂದೆ ಕೂತೇ ದಿನ ಕಳೆಯುವ ಅವನ ಹೆಂಡತಿಗೆ ಹಿಂದೊಮ್ಮೆ ಉರಿಮೂತ್ರ ಬಂದಿತ್ತು. ಅವಳು ಡಾಕ್ಟರ ಬಳಿ ಹೋಗಿ ಪರೀಕ್ಷೆ ಮಾಡಿಸಿ, ಕೊಟ್ಟ ಮಾತ್ರೆಗಳನ್ನು ಒಂದೂ ಉಳಿಸದೆ ನುಂಗಿದಳು. ಟೀ ಬಿಟ್ಟಳು, ಚೊಂಬುಗಟ್ಟಲೆ ನೀರು ಕುಡಿದಳು, ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ ಗುಣವಾದಳು. ಅಷ್ಟೂ ದಿನ ಮೇಸ್ತ್ರಿ ಬಾಗಿಲಲ್ಲಿ ಕೂತು, ಹೋಗಿ ಬರುವವರಿಗೆಲ್ಲ ಕೇಳುವಂತೆ ವ್ಯಾಖ್ಯಾನ ಮಾಡಿದ.

“ವಾಷರ್ ಸವೆದಿದೆ, ಅಷ್ಟೇ. ಲೀಕ್ ಆದಾಗ ಮೇಲಿನ ವಾಲ್ವ್ ಬಂದ್ ಮಾಡ್ಬೇಕು. ಇವಳು ನೀರು ಕುಡಿದು ಪ್ರೆಷರ್ ಏರಿಸ್ತಾ ಇದ್ದಾಳೆ” ಎಂದ. ಹೆಂಡತಿ ನಾಚಿಕೆಯಿಂದ ಕುಗ್ಗಿಹೋದಳು. ಅವನಿಗೆ ಅದೂ ತಮಾಷೆಯಾಗಿಯೇ ಕಂಡಿತು.

ಅಂಥ ಮಹಾಪುರುಷನಿಗೇ ಒಂದು ಬೆಳಿಗ್ಗೆ ಕಾದ ಸಲಾಕೆ ಎಳೆದಂತೆ ಉರಿ ಹತ್ತಿತು. ಹೋಗಿ ಬಂದ, ಕೂತ, ಮತ್ತೆ ಹೋದ. ಬಂದದ್ದು ನಾಲ್ಕು ಹನಿ, ಅದಕ್ಕಿಂತ ಕಣ್ಣಲ್ಲಿ ನೀರು ಬಂದದ್ದೇ ಹೆಚ್ಚು. ಡಾಕ್ಟರ ಬಳಿ ಹೋಗೋಣವೆಂದರೆ ವಿಷಯ ಹೆಂಡತಿಗೆ ಗೊತ್ತಾಗುತ್ತದೆ. ಹೆಂಡತಿಗೆ ಗೊತ್ತಾದರೆ ಜೊತೆಯಲ್ಲೇ ಇರುವ ಅತ್ತೆಗೂ ಗೊತ್ತಾದಂತೆ. ಅತ್ತೆಗೆ ಗೊತ್ತಾದರೆ ಆಮೇಲೆ ಈ ಮನೆಯಲ್ಲಿ ತಾನು ತಲೆಯೆತ್ತಿ ಒಂದು ಮಾತಾಡುವಂತಿಲ್ಲ. ಪ್ರಾಣ ಹೋದರೂ ಸರಿ, ಬಾಯಿ ಬಿಡಬಾರದೆಂದು ನಿರ್ಧರಿಸಿದ.

ಯಾವ ಚಿಕಿತ್ಸೆಯನ್ನು ಆಡಿಕೊಂಡಿದ್ದನೋ ಅದನ್ನೇ ಕಳ್ಳತನದಿಂದ ಶುರು ಮಾಡಿದ. ಹೆಂಡತಿಯ ಬಿಸಿನೀರಿನ ಚೀಲವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಪೇಪರ್ ಓದುತ್ತ ಕೂತ. ಟೀ ಕೊಟ್ಟರೆ ರುಚಿಯಿಲ್ಲವೆಂದು ದೂರ ತಳ್ಳಿದ. ಹೆಂಡತಿ ಅತ್ತ ತಿರುಗಿದಾಗಲೆಲ್ಲ ಚೊಂಬೆತ್ತಿ ಗಟಗಟನೆ ಕುಡಿದ. ಉರಿಯೇನೋ ಕೊಂಚ ತಗ್ಗಿತು, ಓಡಾಟ ಮಾತ್ರ ಏರಿತು.

ಆ ಓಡಾಟಕ್ಕೊಂದು ನೆಪ ಬೇಕಲ್ಲ. ಅವನ ಮನೆಯ ಫ್ಲಶ್ ಕೆಟ್ಟು ವರ್ಷವಾಗಿತ್ತು, ಮನೆಮಂದಿಯೆಲ್ಲ ಬಕೆಟ್‌ನಲ್ಲಿ ನೀರು ಹುಯ್ಯುತ್ತಿದ್ದರು. ಮೇಸ್ತ್ರಿ ಸ್ಪ್ಯಾನರ್ ಹಿಡಿದು, ರಿಪೇರಿಯೆಂದು ಸಾರಿ ಒಳಗೆ ಹೋದ. ಬಂದು ಕೂರುವಷ್ಟರಲ್ಲಿ ಮತ್ತೆ ಸ್ಪ್ಯಾನರ್ ಹಿಡಿದು ಎದ್ದ. ಅಳಿಯನಿಗೆ ಕೊನೆಗೂ ಬುದ್ಧಿ ಬಂತೆಂದು ಅತ್ತೆ ಕುರ್ಚಿಯನ್ನು ಬಚ್ಚಲ ಎದುರಿಗೇ ಹಾಕಿಸಿಕೊಂಡು ಕೂತರು. ಏನಾಯಿತು, ಎಲ್ಲಿಗೆ ಬಂತು ಎಂದು ಪ್ರತಿ ಸಲವೂ ವಿಚಾರಣೆ. ಬಿಚ್ಚುವ ಸದ್ದಾದರೂ ಕೇಳಲೆಂದು ಮೇಸ್ತ್ರಿ ಒಂದೊಂದೇ ತಿರುಪು ಬಿಚ್ಚಿದ. ಬಿಚ್ಚುತ್ತ ಬಿಚ್ಚುತ್ತ ಇಡೀ ಫ್ಲಶ್ ಟ್ಯಾಂಕು ಗೋಡೆಯಿಂದ ಕೆಳಗಿಳಿದು ನೆಲದ ಮೇಲೆ ಹರಡಿಕೊಂಡಿತು. ತಿರುಗಿ ಕೂಡಿಸೋಣವೆಂದರೆ ಜ್ವರ ಏರಿ ಮೈ ಬೆಚ್ಚಗಾಗಿತ್ತು.

ಹೆಂಡತಿ ಒಳಗೆ ಇಣುಕಿ ಆ ರಣರಂಗವನ್ನು ನೋಡಿದಳು. ನೇರ ಹೋಗಿ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆಲ್ಲ ಚೀಲ ಹೆಗಲಿಗೇರಿಸಿ ಬಂದವನು ಸಾಕ್ಷಾತ್ ಸೊಟ್ಟಪೈಪು.

ಪ್ಲಂಬರ್ ಮನೆಗೆ ಇನ್ನೊಬ್ಬ ಪ್ಲಂಬರ್. ಆ ದೃಶ್ಯ ನೋಡಲಾರದೆ ಮೇಸ್ತ್ರಿ ತಾರಸಿ ಹತ್ತಿ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತ. ಟ್ಯಾಂಕಿಗೆ ಆಗತಾನೆ ನೀರು ಬಿಟ್ಟಿದ್ದರು. ಜುಳುಜುಳು, ಜುಳುಜುಳು. ಹಾಳಾದ್ದು ನಿಲ್ಲಲೇ ಇಲ್ಲ. ಕಿವಿ ಮುಚ್ಚಿಕೊಂಡ, ಕಾಲು ಹೆಣೆದುಕೊಂಡ, ಕೊನೆಗೆ ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದು ಓಡಿದ.

ಬಚ್ಚಲ ಬಾಗಿಲು ಹಾಕಿತ್ತು. ಸಂದಿಯಲ್ಲಿ ದೀಪದ ಬೆಳಕು. ಪುಣ್ಯಕ್ಕೆ ಅತ್ತೆಯ ಕುರ್ಚಿ ಖಾಲಿ. ಮೇಸ್ತ್ರಿ ಮೆಲ್ಲಗೆ ತಟ್ಟಿದ. ಉತ್ತರವಿಲ್ಲ. ಸ್ವಲ್ಪ ಹೊರಗೆ ಬಾ ಎಂದು ಪಿಸುಗುಟ್ಟಿದ. ಉತ್ತರವಿಲ್ಲ. ಸೊಟ್ಟಪೈಪು ಒಳಗಿದ್ದುಕೊಂಡು ಬೇಕೆಂದೇ ಆಟ ಆಡಿಸುತ್ತಿದ್ದಾನೆ ಎಂದುಕೊಂಡು ತಮ್ಮ ಎಂದ, ಅಪ್ಪಾ ಎಂದ, ಊರಿನ ಅರ್ಧ ಕೆಲಸ ನಿನಗೇ ಬಿಡುತ್ತೇನೆ ಎಂದೂ ಅಂದ. ಒಳಗೆ ಮಾತ್ರ ಸದ್ದಿಲ್ಲ. ಇನ್ನು ತಡೆಯಲಾಗಲಿಲ್ಲ. ಹಣೆಯನ್ನು ಬಾಗಿಲಿಗೆ ಒತ್ತಿಕೊಂಡು, ಬೀದಿಗೆಲ್ಲ ಕೇಳುವ ದನಿಯಲ್ಲಿ ಹೇಳಿಬಿಟ್ಟ.

“ನನಗೆ ಉರಿಮೂತ್ರ ಕಣಯ್ಯ. ಬೆಳಿಗ್ಗೆಯಿಂದ ಸಾಯ್ತಾ ಇದ್ದೀನಿ. ನನ್ನ ಹೆಂಡತಿ ಇದನ್ನ ಹೇಗೆ ತಡ್ಕೊಂಡಳೋ, ಆ ದೇವರಿಗೇ ಗೊತ್ತು. ನಿನ್ನ ದಮ್ಮಯ್ಯ, ಬಾಗಿಲು ತೆಗಿ.”

“ಚಿಲಕ ಹಾಕಿಲ್ಲ ಅಣ್ಣ, ತಳ್ಳಿ” ಎಂದಿತು ಹಿಂದಿನಿಂದ ಒಂದು ದನಿ.

ಮೇಸ್ತ್ರಿ ತಿರುಗಿ ನೋಡಿದ. ಕೆಲಸ ಮುಗಿಸಿದ ಸೊಟ್ಟಪೈಪು ಅಡುಗೆಮನೆ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ. ಅವನ ಒಂದು ಪಕ್ಕಕ್ಕೆ ಅತ್ತೆ, ಇನ್ನೊಂದು ಪಕ್ಕಕ್ಕೆ ಹೆಂಡತಿ. ಹೆಂಡತಿಯ ಮುಖದಲ್ಲಿ ನಗು ಉಕ್ಕಿ ಬರುತ್ತಿತ್ತು, ಅದರ ಜೊತೆಗೆ ಇನ್ನೇನೋ ಇತ್ತು.

“ಹೋಗಿ ಬನ್ನಿ” ಎಂದಳು, ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿ. “ಆಮೇಲೆ ಡಾಕ್ಟರ ಹತ್ರ ಹೋಗೋಣ. ಮೈ ಸುಡ್ತಾ ಇದೆ, ಇದು ಬರೀ ನೀರು ಕುಡಿದರೆ ಹೋಗೋದಲ್ಲ.”

ಮೇಸ್ತ್ರಿ ಒಳಗೆ ಹೋಗಿ ಚಿಲಕ ಹಾಕಿಕೊಂಡ. ನಾಲ್ಕು ಹನಿಯ ಆ ಯಜ್ಞ ಮುಗಿಸಿ, ಅಭ್ಯಾಸಬಲದಿಂದ ಬಕೆಟ್‌ಗೆ ಕೈ ಚಾಚಿದ. ಬಕೆಟ್ ಅಲ್ಲಿರಲಿಲ್ಲ. ಬೇರೆ ದಾರಿಯಿಲ್ಲದೆ ಫ್ಲಶ್ ಒತ್ತಿದ. ನೀರು ಭರ್ರೆಂದು ನುಗ್ಗಿ, ಒಂದು ಹನಿಯೂ ಸೋರದೆ ಠಕ್ಕನೆ ನಿಂತಿತು. ಇಡೀ ಮನೆ ಅದನ್ನು ಕೇಳಿಸಿಕೊಂಡಿತು.

“ಎಷ್ಟು ಚೆನ್ನಾಗಿ ಮಾಡಿದೀಯಪ್ಪ” ಎಂದು ಹೊರಗೆ ಅತ್ತೆ ಹೇಳುತ್ತಿದ್ದರು. “ನಿನ್ನ ನಂಬರ್ ಗೋಡೆ ಮೇಲೆ ಬರೆದು ಹೋಗು. ಇನ್ನು ಮೇಲೆ ಈ ಮನೆಗೆ ನೀನೇ ಪ್ಲಂಬರ್.”