ಹೆಂಡತಿಯ ಮೈಕ್ರೋಸ್ಕೋಪಿಗೆ ನಾನು ಹಾಕಿದ ಬೆಳಕು

ರಿಪೇರಿ ಮಾಡುವವರಲ್ಲಿ ಎರಡು ಜಾತಿ. ಬಿಚ್ಚಿದ್ದನ್ನು ಮತ್ತೆ ಜೋಡಿಸಿದ ಮೇಲೆ ಎರಡು ಸ್ಕ್ರೂ, ಒಂದು ವಾಷರ್ ಮಿಕ್ಕಿದರೆ ಮೆಲ್ಲಗೆ ಜೇಬಿಗಿಳಿಸಿ "ಅದೇನೂ ಬೇಕಾಗಿರಲಿಲ್ಲ ಬಿಡಿ" ಎನ್ನುವವರು ಒಂದು ಜಾತಿ. ವಾಷರ್ ಮಿಕ್ಕಿದ್ದಕ್ಕೆ ಊಟ ಬಿಟ್ಟು, ಎಲ್ಲವನ್ನೂ ಮತ್ತೆ ಬಿಚ್ಚಿಕೊಂಡು ಕೂರುವವರು ಇನ್ನೊಂದು. ನಾನು ಈ ಎರಡನೆಯವನು. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮೀಟರು, ಗೇಜುಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಒಂದು ಸ್ಪ್ರಿಂಗೂ ನನ್ನ ಮೇಜಿನ ಮೇಲೆ ಮಿಕ್ಕಿದ್ದಿಲ್ಲ. ವಿ.ಆರ್.ಎಸ್. ತೆಗೆದುಕೊಂಡು ಬಂದಾಗ ಬೇರೆಯವರು ಶಾಲು, ಹಾರ ತಂದರು, ನಾನು ಅವುಗಳ ಜೊತೆಗೆ ಈ ಜಂಬವನ್ನೂ ಮನೆಗೆ ತಂದೆ. ಅದು ನನ್ನ ಹೆಂಡತಿಯ ಕೆಲಸಕ್ಕೇ ಕಲ್ಲು ಹಾಕಿತು.

ನನ್ನ ಹೆಂಡತಿ ಜಯ, ಶೆಟ್ಟಿಹಳ್ಳಿಯ ನಮ್ಮ ಮನೆಯ ಮುಂದಿನ ರೂಮಿಗೆ ಶಟರ್ ಹಾಕಿಸಿ, ಸಣ್ಣದೊಂದು ರಕ್ತಪರೀಕ್ಷೆ ಲ್ಯಾಬ್ ನಡೆಸುತ್ತಿದ್ದಳು. ಸುತ್ತಮುತ್ತಲಿನ ಡಾಕ್ಟರುಗಳು ಚೀಟಿ ಬರೆದು ಅವಳ ಹತ್ತಿರವೇ ಕಳಿಸುತ್ತಿದ್ದರು. ಹೊಲವೆಲ್ಲ ಸೈಟಾಗಿ, ಮನೆ ಮುಂದೆ ಎರಡು ಕಾರು ನಿಲ್ಲಿಸಿಕೊಂಡಿದ್ದ ಪಕ್ಕದ ಬೀದಿಯ ಮುನಿಯಪ್ಪನವರು ಸೂಜಿ ಕಂಡರೆ ಬೆವರುತ್ತಿದ್ದರು. ಆದರೂ ಅವಳ ಮುಂದೆ ಮಾತ್ರ ಅಂಗಿಯ ತೋಳು ಮಡಿಚಿ ಕೂರುತ್ತಿದ್ದರು. "ಅಕ್ಕ ಇಂಗೆ ಚುಚ್ತಾರೆ, ಅಂಗೆ ಮುಗ್ದೋಯ್ತದೆ" ಎನ್ನುವುದು ಅವರ ಸರ್ಟಿಫಿಕೇಟು. ಅವಳ ಮೈಕ್ರೋಸ್ಕೋಪು ಯಾವುದೋ ಆಸ್ಪತ್ರೆಯ ಹರಾಜಿನಲ್ಲಿ ಕೊಂಡದ್ದು, ನಮ್ಮ ಮದುವೆಗಿಂತ ಹಳೆಯದು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದರ ಬುಡದ ಬಲ್ಬು ಎಷ್ಟು ಕಾಯುತ್ತಿತ್ತೆಂದರೆ, ಒಂದು ಡಿಸೆಂಬರಿನಲ್ಲಿ ಹೆಪ್ಪು ಹಾಕಿದ ಹಾಲನ್ನು ಅದರ ಪಕ್ಕ ಇಟ್ಟು ನೋಡಿದ್ದೆ. ಮೊಸರು ಗಟ್ಟಿಯಾಗಿಯೇ ಬಂತು. "ಪಕ್ಕದಲ್ಲಿ ಕಂಡೋರ ರಕ್ತ ಇಟ್ಕೊಂಡು ಇದನ್ನ ತಿಂತೀರೇನ್ರೀ?" ಎಂದು ಅವಳು ಪಾತ್ರೆ ಸಮೇತ ನನ್ನನ್ನು ಹೊರಗೆ ಹಾಕಿದಳು.

ಆ ಬಲ್ಬು ಪದೇ ಪದೇ ಸುಟ್ಟು ಹೋಗುತ್ತಿತ್ತು, ಅಂಥದ್ದು ಅಂಗಡಿಗಳಲ್ಲಿ ಸಿಗುವುದೂ ಅಪರೂಪವಾಗಿತ್ತು. ನನಗೋ ಆಗ ಎಲ್ಇಡಿ ಹುಚ್ಚು. ದೇವರ ಮನೆ, ಬಚ್ಚಲು, ಮೆಟ್ಟಿಲು, ತುಳಸಿಕಟ್ಟೆ, ಎಲ್ಲ ಕಡೆ ಹಾಕಿ ಮುಗಿದು ಕೈ ಕಡಿಯುತ್ತಿತ್ತು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ಬೆಳ್ಳಗೆ ಉರಿಯುವ ಎಲ್ಇಡಿ ತಂದು, ಒಂದು ಭಾನುವಾರವಿಡೀ ಕೂತು ಮೈಕ್ರೋಸ್ಕೋಪಿನ ಬುಡ ಬಿಚ್ಚಿದೆ. ಹಳೆಯ ಹೋಲ್ಡರ್ ಕತ್ತರಿಸಿ ಬಲ್ಬಿನ ಜೊತೆ ಗುಜರಿಯವನಿಗೆ ಕೊಟ್ಟೆ. ಒಳಗೆ ದೀಪದ ಎದುರಿಗೆ ಸಿಕ್ಕಿಸಿದ್ದ ಬಿಲ್ಲೆಯಂಥ ನೀಲಿ ಗಾಜೊಂದಿತ್ತು. ಧೂಳು ಒರೆಸಿ, ಪಂಚೆಯ ತುದಿಯಲ್ಲಿ ತಿಕ್ಕಿ, ಇದ್ದ ಜಾಗದಲ್ಲೇ ಭಕ್ತಿಯಿಂದ ಕೂರಿಸಿದೆ. ಸುಮ್ಮನೆ ಯಾರಾದರೂ ಗಾಜು ಹಾಕುತ್ತಾರೆಯೇ? ಕೊನೆಗೆ ಮೇಜಿನ ಮೇಲೆ ಏನೂ ಮಿಕ್ಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಜಯ ಕಣ್ಣಿಟ್ಟು ನೋಡಿದಳು. ಸ್ಲೈಡನ್ನು ಆ ಕಡೆ ಈ ಕಡೆ ಸರಿಸಿದಳು.

"ರೀ, ಇದು ನೀಲಿ ಹೊಡೀತಿದೆ. ಕೆಂಪು ಎಲ್ಲ ಕಂದಿ ಹೋಗಿದೆ."

"ಇಷ್ಟು ವರ್ಷ ಹಳದಿ ಬೆಳಕು ನೋಡಿದ ಕಣ್ಣು ನಿಂದು. ನಿಜವಾದ ಬಿಳಿ ಅಂದ್ರೆ ಹಿಂಗೇ ಇರೋದು. ಅಭ್ಯಾಸ ಆಗುತ್ತೆ" ಎಂದೆ.

ವಾರ ಕಳೆದರೂ ಅಭ್ಯಾಸವಾಗಲಿಲ್ಲ. ರಕ್ತದಲ್ಲಿ ಅಲರ್ಜಿಗೆ ಹೆಚ್ಚುವ ಒಂದು ಬಗೆಯ ಕಣವಿದೆಯಂತೆ. ಅದರೊಳಗಿನ ಕಿತ್ತಳೆ ಬಣ್ಣದ ಕಾಳುಗಳನ್ನು ನೋಡಿಯೇ ಗುರುತಿಸಬೇಕಂತೆ. ಅದು ತನಗೆ ಈಗ ಕಾಣುತ್ತಲೇ ಇಲ್ಲ, ಹಳೆಯ ಬಲ್ಬು ಹಾಕಿಕೊಡಿ ಎಂದು ಕೇಳಿದಳು. ಅದು ಗುಜರಿಗೆ ಹೋಗಿದೆ ಎಂದು ಹೇಳಲು ನನಗೆ ಮುಜುಗರ. ಮುಜುಗರವಾದಾಗ ನನ್ನ ಬಾಯಿ ಜೋರಾಗುತ್ತದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೀಪ ಸರಿಯಾಗೇ ಇದೆ. ಮೊದಲು ಕಣ್ಣು ತೋರಿಸ್ಕೊಂಡು ಬಾ" ಎಂದುಬಿಟ್ಟೆ. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

ಅದೇ ತಿಂಗಳು ಒಬ್ಬ ಡಾಕ್ಟರ ಫೋನು ಬಂತು. ಉಬ್ಬಸದ ಹೆಂಗಸೊಬ್ಬರಿಗೆ ಇವಳು ಎಲ್ಲ ಸರಿಯಿದೆ ಎಂದು ಬರೆದಿದ್ದಳು. ಬೇರೆ ಕಡೆ ಮಾಡಿಸಿದರೆ ಆ ಕಿತ್ತಳೆ ಕಾಳಿನ ಕಣ ವಿಪರೀತವಾಗಿತ್ತು. ಡಾಕ್ಟರು ಬೈಯಲಿಲ್ಲ, "ಸ್ವಲ್ಪ ನೋಡ್ಕೊಳ್ಳಿ ಅಮ್ಮ" ಎಂದರಂತೆ, ಅಷ್ಟೆ. ಜಯ ಮಾರನೆಯ ದಿನವೇ ಕಣ್ಣಿನ ಆಸ್ಪತ್ರೆಗೆ ಹೋದಳು. ಪೊರೆ ಈಗ ಶುರುವಾಗಿದೆ, ಈ ವಯಸ್ಸಿಗೆ ಇದ್ದದ್ದೇ, ಗಾಬರಿ ಬೇಡ ಎಂದರು. ಅವಳಿಗೆ 'ಪೊರೆ' ಎಂಬ ಶಬ್ದವೊಂದೇ ಕೇಳಿಸಿತು. "ನೀವು ಹೇಳಿದ್ದೇ ಸರಿ ರೀ. ಜನರ ರಕ್ತದ ವಿಷಯ, ತಪ್ಪಾದ್ರೆ ಯಾರು ಜವಾಬ್ದಾರಿ? ನಿಲ್ಲಿಸಿಬಿಡ್ತೀನಿ" ಎಂದು ಶಟರ್ ಎಳೆದಳು. ನಾನು ಸರಿ ಎಂದು ಅವಳು ಒಪ್ಪಿದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು. ನಾಚಿಕೆಯಾಗಬೇಕು, ನನಗೆ ಆಗ ಒಳಗೊಳಗೇ ಖುಷಿಯಾಗಿತ್ತು.

ಮುನಿಯಪ್ಪನವರು ಬಂದು ಮುಚ್ಚಿದ ಶಟರ್ ನೋಡಿ ಗೇಟಿನಲ್ಲೇ ನಿಂತರು. "ಯಾಕ್ ಸ್ವಾಮಿ, ಅಕ್ಕ ನಿಲ್ಸ್‌ಬುಟ್ರು?"

"ಕಣ್ಣು ಸ್ವಲ್ಪ ಮಂದ ಆಗಿದೆ" ಎಂದೆ.

"ಅಯ್ಯೋ ಪಾಪ. ಅಂತಾ ಕೈ ಇನ್ನೆಲ್ ಸಿಕ್ತದೆ ಏಳಿ" ಎಂದು ಅವರು ಕಾರು ಹತ್ತಿದರು.

ಐದಾರು ತಿಂಗಳಾದ ಮೇಲೆ ತುಳಸಿಕಟ್ಟೆಯ ದೀಪ ಕೆಟ್ಟಿತು. ಮೈಕ್ರೋಸ್ಕೋಪು ಸುಮ್ಮನೆ ಕೂತಿದೆಯಲ್ಲ, ಅದರದ್ದನ್ನು ತೆಗೆದು ಹಾಕೋಣವೆಂದು ಬಿಚ್ಚಿದೆ. ಎಲ್ಇಡಿ ಹೊತ್ತಿಸಿದಾಗ ಗೋಡೆ ಬೆಳ್ಳಗಿತ್ತು. ಕೈಯಲ್ಲಿದ್ದ ಆ ಗಾಜಿನ ಬಿಲ್ಲೆ ಅಡ್ಡ ಬಂದಾಗ ಸುಣ್ಣಕ್ಕೆ ನೀಲಿ ಜಾಸ್ತಿ ಬಿದ್ದಂತಾಯಿತು. ಆಗ ತಲೆಗೆ ಹೋಯಿತು. ಹಳೆಯ ಬಲ್ಬಿನ ಹಳದಿಯನ್ನು ತಗ್ಗಿಸಿ ಬಿಳಿ ಮಾಡಲೆಂದೇ ಇದ್ದ ಗಾಜು ಅದು. ಮೊದಲೇ ಬೆಳ್ಳಗಿದ್ದ ದೀಪಕ್ಕೆ ಅದನ್ನು ಹಾಕಿ ನಾನೇ ಎಲ್ಲವನ್ನೂ ನೀಲಿ ಮಾಡಿದ್ದೆ. ನೆಲ ನಿಜವಾಗಿಯೂ ಡೊಂಕಾಗಿತ್ತು. ಜೀವನದಲ್ಲಿ ಒಂದೇ ಒಂದು ಸಲ ಮೇಜಿನ ಮೇಲೆ ಏನಾದರೂ ಮಿಕ್ಕಬೇಕಾಗಿತ್ತು.

ಹೇಳಲು ಮೂರು ದಿನ ಹಿಡಿಯಿತು. ಗಾಜು ತೆಗೆದು, ದೀಪ ಕೂರಿಸಿ, ಅಡುಗೆಮನೆಯಿಂದ ಅವಳನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದು, ಪೆಟ್ಟಿಗೆಯಿಂದ ಹಳೆಯ ಸ್ಲೈಡೊಂದನ್ನು ಇಟ್ಟು ಬಹಳ ಹೊತ್ತು ನೋಡಿದಳು.

"ಕಾಣ್ತಿದೆ. ಕಿತ್ತಳೆ ಕಾಳು ಒಂದೊಂದೂ ಕಾಣ್ತಿದೆ" ಎಂದಳು. ನಾನು ಗಾಜನ್ನು ತೋರಿಸಿ ಎಲ್ಲ ಹೇಳಿದೆ, ತಪ್ಪಾಯಿತು ಎಂದೆ, ನಾಳೆಯೇ ಶಟರ್ ತೆಗೆಯೋಣ ಎಂದೆ. ಬೈದಿದ್ದರೆ ನಿಭಾಯಿಸುತ್ತಿದ್ದೆ, ಅದಕ್ಕೆ ನನಗೆ ವರ್ಷಗಳ ತರಬೇತಿ ಇದೆ. ಅವಳು ಬೈಯಲಿಲ್ಲ.

"ಕಣ್ಣು ಸರಿಯಾಗೇ ಹೇಳ್ತಿತ್ತು ರೀ. ಅದನ್ನ ಬಿಟ್ಟು ನಿಮ್ಮ ಮಾತು ನಂಬಿದೆನಲ್ಲ, ತಪ್ಪು ನಂದೇ. ಇನ್ಮೇಲೆ ಒಂದು ಸ್ಲೈಡ್ ನೋಡಿದ್ರೂ, ಕಾಣ್ತಿರೋದು ನಿಜವೋ ಅಲ್ಲವೋ ಅಂತ ಅನುಮಾನ ಬರುತ್ತೆ. ಅನುಮಾನ ಇಟ್ಕೊಂಡು ಈ ಕೆಲಸ ಮಾಡಬಾರದು."

ಶಟರ್ ತೆಗೆಯಲಿಲ್ಲ. ನಾನು ಎಷ್ಟು ಬೇಡಿಕೊಂಡರೂ ತೆಗೆಯಲಿಲ್ಲ. ಅಂದಿನಿಂದ ನನ್ನ ಯಾವ ಮಾತನ್ನೂ ಅವಳು ಪರೀಕ್ಷೆ ಮಾಡದೆ ಒಪ್ಪುವುದಿಲ್ಲ. ಗ್ಯಾಸ್ ಆರಿಸಿದ್ದೇನೆ ಎಂದರೆ ಹೋಗಿ ನೋಡಿ ಬರುತ್ತಾಳೆ. ಮಳೆ ಬರುತ್ತಿದೆ ಎಂದರೆ ಬಾಗಿಲು ತೆಗೆದು ಕೈ ಚಾಚುತ್ತಾಳೆ. ನಾನು ಕೋಪ ಮಾಡಿಕೊಳ್ಳುವುದಿಲ್ಲ. ಅವಳ ಹಿಂದೆಯೇ ಹೋಗಿ ನಾನೂ ಕೈ ಚಾಚುತ್ತೇನೆ. ನಾನು ಹೇಳಿದ್ದೆಂಬ ಒಂದೇ ಕಾರಣಕ್ಕೆ, ನನಗೂ ಅನುಮಾನ.