ಅತ್ತೆ ಸಾಕಿದ ಬಂಬಾಕು

ನಮ್ಮ ಅತ್ತೆಯವರು ಕಳ್ಳರನ್ನು ಸಾಕುತ್ತಾರೆ. ಗಾಬರಿಯಾಗಬೇಡಿ, ಗಂಡನ ಮನೆಯ ಮಾನ ಕಳೆಯಲು ನಾನು ಹೊರಟಿಲ್ಲ! ಮರಾಠಿ ಸೀಮೆಯ ಇಚಲಕರಂಜಿಯ ನಮ್ಮ ಓಣಿಗೆ ಬಂದು ಯಾರನ್ನು ಬೇಕಾದರೂ ಕೇಳಿ. ಎರಡೂ ಬದಿಯ ಮಗ್ಗಗಳ ಖಟಖಟದಲ್ಲಿ ನಿಮ್ಮ ಪ್ರಶ್ನೆ ಅವರಿಗೆ ಕೇಳಿಸದಿದ್ದರೂ ಕೈ ಎತ್ತಿ ನಮ್ಮ ಮಾಳಿಗೆಯನ್ನೇ ತೋರಿಸುತ್ತಾರೆ. ಬೇರೆಯವರ ಮಾಳಿಗೆಯ ಮೇಲೆ ತುಳಸಿ, ದಾಸವಾಳ, ಹೆಚ್ಚೆಂದರೆ ಒಂದು ಕರಿಬೇವು. ನಮ್ಮ ಮಾಳಿಗೆಯ ಮೇಲೆ ಹಳೆಯ ಬಕೀಟು, ಬಣ್ಣದ ಡಬ್ಬಿ, ತೂತು ಬಿದ್ದ ಬೋಗುಣಿಗಳಲ್ಲಿ ತಂಬಾಕು, ಬದನೆ, ಟೊಮೆಟೊ ಗಿಡಗಳು. ಅವುಗಳ ಬುಡದಲ್ಲಿ ಬಂಬಾಕು!

ಹೆಸರು ಕೇಳಿದರೆ ತಂಬಾಕಿನ ತಮ್ಮನಿರಬೇಕು ಅನ್ನಿಸುತ್ತದೆ, ಅಲ್ಲವೇ? ತಮ್ಮನಲ್ಲ, ಕಳ್ಳ. ಅದೊಂದು ಕಸ. ಅದಕ್ಕೆ ಎಲೆ ಇಲ್ಲ, ಮೈಮೇಲೆಲ್ಲೂ ಹಸಿರಿಲ್ಲ, ದುಡಿದು ತಿನ್ನುವ ಅಭ್ಯಾಸವಂತೂ ಮೊದಲೇ ಇಲ್ಲ. ಮಣ್ಣಿನೊಳಗೆ ತಂಬಾಕಿನ ಬೇರಿಗೆ ಬಾಯಿ ಹಚ್ಚಿ, ಗಿಡ ದುಡಿದದ್ದನ್ನೆಲ್ಲ ಕುಡಿದು, ಒಂದು ದಿನ ತಿಳಿನೇರಳೆ ಹೂ ಮುಡಿದುಕೊಂಡು ಮದುಮಗಳಂತೆ ಮೇಲೆದ್ದು ನಿಲ್ಲುತ್ತದೆ. ಅದರ ಬೀಜ ನಶ್ಯದ ಪುಡಿಗಿಂತ ಸಣ್ಣದು. ತನಗೆ ಹಿಡಿಸುವ ಬೇರು ಹತ್ತಿರ ಬಂದ ಸುಳಿವು ಸಿಗುವ ತನಕ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ. ತಂಬಾಕಿನ ರೈತರು ಇದನ್ನು ಕಂಡರೆ ಕಿತ್ತು ಸುಡುತ್ತಾರೆ. ನಮ್ಮ ಅತ್ತೆ ದಿನಕ್ಕೆರಡು ಸಲ ನೀರು ಹಾಕುತ್ತಾರೆ.

ಇದಕ್ಕೆಲ್ಲ ಕಾರಣ ಅವರ ಅಣ್ಣ. ಅತ್ತೆಯ ತವರು ಕಾಗಲ ತಾಲೂಕಿನ ಸುಳಕೂಡ. ಅಲ್ಲಿ ಅವರ ಅಣ್ಣನಿಗೆ ತಂಬಾಕಿನ ಹೊಲವಿತ್ತು. ಬಂಬಾಕಿನ ಕಾಟಕ್ಕೆ ಬೇಸತ್ತ ಅವರು ಒಂದು ವರ್ಷ ತಂಬಾಕು ಬಿಟ್ಟು ಬದನೆ ಹಚ್ಚಿದರು. "ತಂಗಿ, ಕಳ್ಳನ ಹೊಟ್ಟಿಮ್ಯಾಲ ಹೊಡದೇನಿ ನೋಡ. ಇನ್ನ ಉಪಾಸ ಸಾಯ್ತೈತಿ," ಎಂದು ಫೋನಿನಲ್ಲಿ ಮೀಸೆ ತಿರುವಿದರು. ಮೊದಲ ಚಳಿಗಾಲದಲ್ಲಿ ಬದನೆಯ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಬಡಕಲು ಬಂಬಾಕು ಕಂಡಿತು. ಸಾಯುವವನನ್ನು ಕೊಲ್ಲುವುದೇಕೆಂದು ಅವರು ಕೀಳಲಿಲ್ಲ. ಮೂರನೆಯ ಚಳಿಗಾಲಕ್ಕೆ ಸಾಲು ಸಾಲಿಗೂ ನೇರಳೆ ಹೂ!

ಆಗ ಅತ್ತೆಯೂ ನಾನೂ ಸುಳಕೂಡಕ್ಕೆ ಹೋಗಿದ್ದೆವು. ಅತ್ತೆ ಬದುವಿನ ಮೇಲೆ ಕೂತು ಬಹಳ ಹೊತ್ತು ಹೊಲ ನೋಡಿದರು.

"ಅಣ್ಣಾ, ಇದು ಬದನಿ ತಿನ್ನಾಕ ಕಲ್ತೈತಿ."

"ಕಲ್ತೈತಿ? ಯಾವ ಶಾಲಿಗೆ ಹೋಗಿತ್ತಬೇ ಅದು?"

ಹೊಲದಲ್ಲಿದ್ದವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಮರಳಿ ಬರುವಾಗ ಅವರ ಸೆರಗಿನ ತುದಿಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಪಕ್ಕದ ತಂಬಾಕಿನ ಹೊಲದ ಬಂಬಾಕಿನ ಬೀಜ, ಇನ್ನೊಂದರಲ್ಲಿ ಅಣ್ಣನ ಬದನೆ ಹೊಲದ್ದು.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮನೆಯ ಬಕೀಟುಗಳು ಒಂದೊಂದಾಗಿ ಮಾಳಿಗೆ ಏರತೊಡಗಿದವು. ನಮ್ಮ ಮನೆಯಲ್ಲಿ ಇರುವುದು ಅತ್ತೆ, ನಾನು, ನನ್ನ ಗಂಡ, ಮೂರೇ ಜನ. ಗಂಡ ಮಗ್ಗಗಳ ರಿಪೇರಿ ಮಾಡುತ್ತಾರೆ. ಒಂದು ದಿನ ಪಾಳಿ ಮುಗಿಸಿ ಎಣ್ಣೆಮಸಿ ಮೈಯಲ್ಲಿ ಬಂದು ಬಚ್ಚಲಿನಿಂದ ಕೂಗಿದರು.

"ಅವ್ವಾ, ನನ್ನ ಜಳಕದ ಬಕೀಟ ಎಲ್ಲೈತಿ?"

"ಅದರಾಗ ಬದನಿ ಅದಾಳ. ನೀ ಕೊಡದಾಗ ಮಾಡ್ಕೊ."

ಬದನೆಗೆ 'ಅದಾಳ', ಮಗನಿಗೆ ಕೊಡ! ಇನ್ನು ಸೊಸೆಯ ಸ್ಥಾನಮಾನವನ್ನು ನಾನು ಬೇರೆ ಹೇಳಬೇಕೇ?

ಲೆಕ್ಕ ಸರಳವಾಗಿತ್ತು. ನಾಲ್ಕು ಬಕೀಟು. ಎರಡರಲ್ಲಿ ತಂಬಾಕು, ಎರಡರಲ್ಲಿ ಬದನೆ. ತಂಬಾಕಿನ ಕಳ್ಳನನ್ನು ಒಂದು ತಂಬಾಕಿಗೂ ಒಂದು ಬದನೆಗೂ ಬಿಡುವುದು, ಬದನೆಯ ಕಳ್ಳನನ್ನೂ ಹಾಗೆಯೇ. ಅತ್ತೆಗೆ ಓದು ಬರಹ ಬಾರದು. ಬಕೀಟಿನ ಮೇಲೆ ಚೀಟಿ ಬರೆದು ಅಂಟಿಸುವ ಕೆಲಸ ನನಗೆ ಬಂತು. ನಾನು ಗಡಹಿಂಗ್ಲಜದ ಹುಡುಗಿ, ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಆ ಪದವಿ ಮದುವೆಯಾದ ಮೇಲೆ ಮೊದಲ ಸಲ ಉಪಯೋಗಕ್ಕೆ ಬಿದ್ದದ್ದು ಚೀಟಿ ಅಂಟಿಸಲು.

ನಾಲ್ಕಕ್ಕೇ ನಿಂತಿದ್ದರೆ ಆಗುತ್ತಿತ್ತು. ಬೇರೆ ಊರಿನ ಕಳ್ಳರ ಬುದ್ಧಿ ಹೇಗೋ ನೋಡಬೇಕೆಂದು ಅತ್ತೆಗೆ ಆಸೆ ಹುಟ್ಟಿತು. ಹಳ್ಳಿಯಿಂದ ಯಾರೇ ಮನೆಗೆ ಬರಲಿ, ಬಾಗಿಲಲ್ಲೇ ಅವರ ಚಪ್ಪಲಿ ಕೆರೆದು ಮಣ್ಣು ಹಿಡಿಯತೊಡಗಿದರು. ದಾನೋಳಿಯಲ್ಲಿ ಟೊಮೆಟೊ ಬೆಳೆಯುವ ಒಬ್ಬ ಹಿರಿಯರು, ನನ್ನ ಗಂಡನ ಗೆಳೆಯನ ತಂದೆ, ಲಗ್ನಪತ್ರಿಕೆ ಕೊಡಲು ಬಂದರು. ಬಿಳಿ ಧೋತರ, ಬಿಳಿ ಟೋಪಿ. ಅವರು ಹೊಸ್ತಿಲು ದಾಟುವ ಮೊದಲೇ ಅತ್ತೆ ತಟ್ಟೆ, ತಂಬಿಗೆ ನೀರು ಹಿಡಿದು ಅವರ ಕಾಲ ಬಳಿ ಕೂತರು. ಹಿರಿಯರು ಗದ್ಗದರಾದರು. "ಇಷ್ಟ ಸಂಸ್ಕಾರ ಈಗ ಯಾರ ಮನ್ಯಾಗ ಉಳದೈತ್ರಿ!" ಎಂದು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದರು. ಕಣ್ಣು ತೆರೆದಾಗ ಅತ್ತೆ ಅವರ ಚಪ್ಪಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇನ್ನೊಂದ ಚಪ್ಪಲಿನೂ ಕೊಡ್ರಿ," ಅಂದರು.

ಆಮೇಲೆ ಬಂತು ಪಕ್ಕದ ಮನೆಯ ಮರಾಠಿ ಕಾಕೂ ಅವರ ಪ್ರಕರಣ. ಬಂಬಾಕಿನ ಬೀಜ ಗಾಳಿಗೆ ಹಾರಿ ಯಾರದಾದರೂ ಹೊಲ ಸೇರಬಾರದೆಂದು ಅತ್ತೆ ಪ್ರತಿ ಹೂವಿನ ತಲೆಗೂ ಹಳೆಯ ಸೀರೆಯ ತುಂಡಿನ ಟೋಪಿ ಕಟ್ಟಿದ್ದರು. ಬಟ್ಟೆ ಒಣಹಾಕಲು ತಮ್ಮ ಮಾಳಿಗೆ ಏರಿದ ಕಾಕೂ ಏನನ್ನು ಕಂಡರು? ಎಲೆಯಿಲ್ಲದ ಗಿಡಗಳು, ತಲೆಗೆ ಕೆಂಪು ಬಟ್ಟೆ, ಬುಡದಲ್ಲಿ ಊರಿನ ಹೆಸರು ಬರೆದ ಚೀಟಿಗಳು! ಮಾಟವೇ ಇರಬೇಕೆಂದು ಅಲ್ಲಿಂದಲೇ ಅತ್ತೆಯನ್ನು ಕೂಗಿ ಕೇಳಿದರು.

"ಅಹೋ, ಹೇ ಕರಣಿ ಆಹೆ ಕಾ?"

"ಕರಣಿ ನಾಹೀ ಹೋ, ಚೋರ್ ಆಹೇತ," ಎಂದು ಅತ್ತೆ ಸಮಾಧಾನ ಹೇಳಿದರು. ಕಾಕೂ ಅವತ್ತೇ ತಮ್ಮ ಮಾಳಿಗೆಯ ಬಾಗಿಲಿಗೆ ಹೊಸ ಬೀಗ ತಂದರು.

ಆ ಚಳಿಗಾಲದಲ್ಲಿ ಫಲಿತಾಂಶ ಬಂತು. ತಂಬಾಕಿನ ಕಳ್ಳನ ಬೀಜ ತಂಬಾಕಿನ ಬುಡದಲ್ಲಿ ಗುಂಪಾಗಿ ಎದ್ದಿತು. ಬದನೆಯ ಕಳ್ಳನದು ಬದನೆಯಲ್ಲಿ ಗುಂಪಾಗಿ ಎದ್ದಿತು. ಅದಲು ಬದಲು ಮಾಡಿದಲ್ಲಿ ಹೆಚ್ಚುಕಡಿಮೆ ಖಾಲಿ ಮಣ್ಣು. ತಂಬಾಕಿನ ಕಳ್ಳನ ಬೀಜ ಹಾಕಿದ್ದ ಬದನೆಯ ಬಕೀಟಿನಲ್ಲಿ ಮಾತ್ರ ಎರಡೇ ಎರಡು ಕೃಶವಾದ ಬಂಬಾಕು ತಲೆ ಎತ್ತಿದ್ದವು. ಅತ್ತೆ ಆ ಎರಡರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ನೋಡಿದೇನ? ಈ ಎರಡ ಶಾಣ್ಯಾ ಅದಾವ. ಕಲ್ತಾವ."

ನಾನು ಸುಮ್ಮನಿರಬಹುದಿತ್ತು. ಆದರೆ ಓದಿದವಳಲ್ಲವೇ!

"ಕಲ್ತಿಲ್ರಿ ಅತ್ತಿ. ಆ ಚಿಟಿಕಿ ಬೀಜದಾಗ ಎಲ್ಲಾವೂ ಒಂದ ಥರಾ ಇರೂದಿಲ್ಲ. ಒಂದೆರಡಕ್ಕ ಹುಟ್ಟಾ ಬದನಿ ಬೇರ ಹಿಡಸ್ತಿರತೈತಿ. ಉಳದಾವೆಲ್ಲಾ ಉಪಾಸ ಸತ್ತು, ಇವ ಉಳದು, ಇವುಗಳ ಮಕ್ಕಳ ಹೊಲಾ ತುಂಬ್ತಾವ. ಒಂದೂ ಏನೂ ಕಲಿಯೂದಿಲ್ಲ. ನಮಗ ಕಲ್ತಂಗ ಕಾಣ್ತೈತಿ ಅಷ್ಟ."

ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಒಣಗಿದ ಆ ಎರಡು ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರು.

"ಇವುಗಳ ಬೀಜ ಮುಂದಿನ ವರ್ಷ ಬದನಿಗೆ ಹಾಕೂಣು. ನೀ ಹೇಳಿದ್ದ ಖರೇ ಆದ್ರ ತುಂಬಿ ಬರಬೇಕು. ಸುಳ್ಳಾದ್ರ ವರ್ಷಪೂರ್ತಿ ಭಾಂಡಿ ನೀನ ತಿಕ್ಕಬೇಕು."

"ಈಗ ಯಾರ ತಿಕ್ಕಾಕತ್ತಾರ್ರಿ ಅತ್ತಿ?"

"ಅದೂ ಖರೇನ," ಎಂದು ಎದ್ದು ಹೋದರು.

ಮುಂದಿನ ಚಳಿಗಾಲದಲ್ಲಿ ಆ ಬೀಜ ಬದನೆಯ ಬುಡದಲ್ಲಿ ಬೆರಳು ತೂರಿಸಲು ಜಾಗವಿಲ್ಲದಂತೆ ಎದ್ದಿತು. ಅತ್ತೆ ಸೋಲು ಒಪ್ಪಿಕೊಂಡಿರಬೇಕು ಎಂದುಕೊಂಡಿರಾ? "ನಾ ಮೊದಲ ಹೇಳಿರಲಿಲ್ಲೇನ?" ಅಂದರು!

ಅದೇ ವಾರ ಸುಳಕೂಡದಿಂದ ಫೋನು ಬಂತು. ಅಣ್ಣ ಹೊಸ ಉಪಾಯ ಹೂಡಿದ್ದರು. ಬಂಬಾಕು ಈಗ ಬದನೆಗೆ ಒಗ್ಗಿದೆ, ತಂಬಾಕನ್ನು ಮರೆತಿರುತ್ತದೆ, ಆದ್ದರಿಂದ ಮತ್ತೆ ತಂಬಾಕು ಹಚ್ಚುತ್ತೇನೆ ಎಂದರು. ಅತ್ತೆ ಹಣೆ ಹಣೆ ಬಡಿದುಕೊಂಡರು. ಹಳೆಯ ತಂಬಾಕಿನ ಕಾಲದ ಬೀಜ ಆ ಮಣ್ಣಿನಲ್ಲಿ ಇನ್ನೂ ಮಲಗಿದೆಯಲ್ಲ! ಇನ್ನು ತಂಬಾಕು ಹಚ್ಚಿದರೂ ಬದನೆ ಹಚ್ಚಿದರೂ ಹೊಲ ಕಳ್ಳರ ಪಾಲೇ. ಅಣ್ಣನಿಗೆ ಇದ್ದದ್ದು ಅದೊಂದೇ ಹೊಲ.

ಮರುದಿನವೇ ಎರಡು ಬಕೀಟು ಹಿಡಿದು ಬಸ್ಸು ಹತ್ತಿದೆವು. ಒಂದರಲ್ಲಿ ಬಂಬಾಕು ಹಿಡಿದ ಬದನೆ, ಇನ್ನೊಂದರಲ್ಲಿ ತಂಬಾಕು. ಎರಡಕ್ಕೂ ಟೋಪಿ. ಬಕೀಟಿನಲ್ಲಿ ಏನಿದೆಯೆಂದು ಕಂಡಕ್ಟರ್ ಇಣುಕಿ ನೋಡಿದ.

"ಆಜೀ, ಬಾದಲೀತ ಕಾಯ್ ಆಹೆ?"

"ಚೋರ್."

"ಮಗ ಪೊಲೀಸ್ ಠಾಣ್ಯಾವರಚ ಉತರಾ!" ಎಂದು ಅವನು ನಮ್ಮನ್ನು ಠಾಣೆಯ ಮುಂದೆಯೇ ಇಳಿಸುವ ಉತ್ಸಾಹ ತೋರಿಸಿದ. ಬಸ್ಸಿಗೆ ಬಸ್ಸೇ ನಕ್ಕಿತು.

ಸುಳಕೂಡದ ಅಂಗಳದಲ್ಲಿ ಅತ್ತೆ ಎರಡೂ ಬಕೀಟು ಮಗುಚಿದರು. ನೀರು ಹಾಕಿ ಮಣ್ಣು ಬಿಡಿಸಿ, ಬಂಬಾಕಿನ ಬುಡ ಬೇರಿಗೆ ಕಚ್ಚಿಕೊಂಡ ಜಾಗವನ್ನು ಬೆರಳಿನಿಂದ ತೋರಿಸಿದರು. ಎರಡು ಚಳಿಗಾಲದ ಕಥೆಯನ್ನು ಮೊದಲಿನಿಂದ ಹೇಳಿದರು. ಅಣ್ಣ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಈ ಸಲ ಯಾರೂ ನಗಲಿಲ್ಲ.

"ಮತ್ತ ಏನ್ ಮಾಡ್ಲಿ ಅಂತೀ?"

"ಎರಡ ಮೂರ ವರ್ಷ ಜ್ವಾಳಾ, ಎಳ್ಳ ಹಾಕ. ಅವುಗಳ ಬೇರಿಗೆ ಇದು ಎದ್ದ ಕುಂದರತೈತಿ, ಆದ್ರ ತಿನ್ನಾಕ ಏನೂ ಸಿಗೂದಿಲ್ಲ, ಸಾಯ್ತೈತಿ. ಎಬ್ಬಸಬೇಕು, ಉಣ್ಣಾಕ ಹಾಕಬಾರದು. ಅಲ್ಲೊಂದ ಇಲ್ಲೊಂದ ತಲಿ ಎತ್ತಿದ್ರ ಹೂವಾಗೂದರಾಗ ಕೀಳ. ಒಂದ ಐತಿ, ಎರಡ ಐತಿ ಅಂತ ಬಿಡಬ್ಯಾಡ. ಆ ಒಂದೆರಡ ಮುಂದ ಹೊಲಾ ತುಂಬ್ತಾವ."

"ಯಾರ ಹೇಳಿದ್ರ ನಿನಗ ಇದನ್ನೆಲ್ಲಾ?"

"ನನ್ನ ಸೊಸಿ. ಓದಿದಾಕಿ ಅದಾಳ."

ನಾನು ಹಿಂದಕ್ಕೆ ತಿರುಗಿ ನೋಡಿದೆ, ಇವರಿಗೆ ಬೇರೆ ಸೊಸೆ ಯಾರಾದರೂ ಇದ್ದಾರೆಯೇ ಅಂತ!

ಅಣ್ಣ ಜೋಳಕ್ಕೆ ಒಪ್ಪಿದರು. ಊಟಕ್ಕೆ ಕೂತೆವು. ಅತ್ತೆಯ ವೈನಿ, ಅಂದರೆ ಅಣ್ಣನ ಹೆಂಡತಿ, ರೊಟ್ಟಿ ಬಡಿಸುತ್ತ ನಗುನಗುತ್ತಲೇ ಕೇಳಿದರು.

"ಅಲ್ರಿ, ಕಸದ ಮಕ್ಕಳು ಮೊಮ್ಮಕ್ಕಳನ್ನ ಬಕೀಟನ್ಯಾಗ ಬೆಳಸೀರಿ. ನಿಮ್ಮ ಮನ್ಯಾಗ ಮೊಮ್ಮಗಾ ಯಾವಾಗ? ಲಗ್ನಾಗಿ ಆರ ವರ್ಷ ಆತಲ್ಲ, ಇಕಿನ್ನ ಯಾರಿಗರೆ ತೋರ್ಸೀರೇನ?"

ನನ್ನ ಕೈ ತುತ್ತಿನಲ್ಲೇ ನಿಂತಿತು. ನನ್ನ ಮುಂದೆ ಈ ಪ್ರಶ್ನೆ ಬಂದದ್ದು ಅದೇ ಮೊದಲು. ಆರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಜನ ಬಹಳ ಒಳ್ಳೆಯವರು ಎಂದುಕೊಂಡಿದ್ದೆ.

ಅತ್ತೆ ಅವಸರ ಮಾಡಲಿಲ್ಲ. ರೊಟ್ಟಿ ಮುರಿದು, ಪಲ್ಯಕ್ಕೆ ಹಚ್ಚಿ, ಬಾಯಲ್ಲಿದ್ದದ್ದನ್ನು ನುಂಗಿದರು.

"ವೈನಿ, ಈ ಮಾತ ಅಕಿ ಮುಂದ ಆಡಬ್ಯಾಡ ಅಂತ ನಿನಗ ಫೋನಿನ್ಯಾಗ ಎಷ್ಟ ಸಲ ಹೇಳೇನಿ? ಓಣ್ಯಾಗಿನ ಹೆಂಗಸರಿಗೂ ಹೇಳೇನಿ, ಅಕಿ ತವರ ಮನ್ಯಾವರಿಗೂ ಹೇಳೇನಿ, ಎಲ್ಲಾರೂ ಕೇಳ್ಯಾರ. ನೀ ಒಬ್ಬಾಕಿ ಕೇಳ್ಲಿಲ್ಲ."

"ಹಂಗಲ್ರಿ, ನಾ ಸಹಜ..."

"ಮಕ್ಕಳಾದ್ರ ಆಗ್ತಾವ, ಇಲ್ಲಂದ್ರ ಇಲ್ಲ. ನಾ ಸೊಸಿ ತಂದಿದ್ದ ನನ್ನ ಮಗಗ ಒಬ್ಬಂವಗ ಅಲ್ಲ, ನನಗೂ ಒಂದ ಜೋಡಿ ಬೇಕಾಗಿತ್ತು. ದಿನಾ ಜಗಳಾಡಾಕ ಒಬ್ಬಾಕಿ ಸಿಕ್ಕಾಳ. ನನಗ ಅಷ್ಟ ಸಾಕು."

ನನಗೆ ತಟ್ಟೆ ಮಸುಕಾಗಿ ಕಾಣುತ್ತಿತ್ತು. ಅತ್ತೆ ನನ್ನ ಮುಖ ನೋಡಲಿಲ್ಲ. ತಮ್ಮ ಪಾಲಿನ ಬೆಣ್ಣೆಯ ಉಂಡೆಯನ್ನು ಎತ್ತಿ ನನ್ನ ರೊಟ್ಟಿಯ ಮೇಲೆ ಇಟ್ಟರು.

"ಉಣ್ಣ ಲಗೂನ," ಅಂದರು. "ಬಸ್ಸ ಹೋದ್ರ ಮತ್ತ ಇವರ ಮನ್ಯಾಗ ಉಳೀಬೇಕಾಗ್ತೈತಿ."