ಭಾವನವರ ಮಿಸ್ಡ್ ಕಾಲ್ ಮಿಷನರಿಗಳು

ಸಂಸಾರ ಬಿಟ್ಟವರನ್ನು ನೀವು ಬೇಕಾದಷ್ಟು ಜನ ನೋಡಿರಬಹುದು. ಆದರೆ ಸಂಸಾರದ ನಟ್ಟನಡುವೆ, ಪಡಸಾಲೆಯ ಕುರ್ಚಿಯಲ್ಲೇ ಕುಳಿತು, ಹೊತ್ತು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾ ಸಂಸಾರ ಬಿಟ್ಟವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಭಾವ! ಬೇರೆಯವರಿಗೆ ವೈರಾಗ್ಯ ಬಂದರೆ ಜೋಗಿಮಟ್ಟಿ ಬೆಟ್ಟದ ಕಡೆಗೋ ಇನ್ನೆಲ್ಲಿಗೋ ಹೊರಟುಬಿಡುತ್ತಾರೆ. ಭಾವನವರಿಗೆ ಅಷ್ಟು ದೂರ ನಡೆಯುವ ಕಷ್ಟವೇ ಬರಲಿಲ್ಲ. ಒಂದು ಮೊಬೈಲ್ ಫೋನು ಸಾಕಾಯಿತು.

ನಮ್ಮ ಅಕ್ಕನನ್ನು ಹಿರಿಯೂರಿಗೆ ಕೊಟ್ಟಿದ್ದೆವು. ಭಾವ ಬಬ್ಬೂರಿನ ಕಡೆ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ತೊಂಬತ್ತರ ದಶಕದ ಕೊನೆಯಲ್ಲಿ ಆ ಕಚೇರಿಗೆ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೂರದಿಂದ ದರ್ಶನ ಪಡೆದು ಬಂದರು. ಭಾವ ಒಬ್ಬರೇ ಹತ್ತಿರ ಹೋಗಿ ಸ್ವಿಚ್ ಹಾಕಿದರು. ಅಷ್ಟೇ! ‘ಅವರಿಗೆ ಕಂಪ್ಯೂಟರ್ ಬರುತ್ತೆ’ ಎಂದು ಸುತ್ತಮುತ್ತಲ ಊರಿಗೆಲ್ಲ ಸುದ್ದಿಯಾಯಿತು. ಅದನ್ನು ಆರಿಸುವುದು ಹೇಗೆಂದು ಅವರು ಆಮೇಲೆ ಕಲಿತರು ಎನ್ನುವುದು ಬೇರೆ ಮಾತು.

ಅಲ್ಲೇ ಹತ್ತಿರದಲ್ಲಿ ಒಂದು ಸಣ್ಣ ಮಠವಿತ್ತು. ಅಲ್ಲಿ ಏಳೆಂಟು ಹುಡುಗರು ಪ್ರವಚನ ಕಲಿತು, ಊರೂರಿಗೆ ಹೋಗಿ ಧರ್ಮಪ್ರಚಾರ ಮಾಡುತ್ತಿದ್ದರು. ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇರುವುದು, ಗುಡಿಯಲ್ಲಿ ಮಲಗುವುದು, ದಿನಕ್ಕೊಂದು ಮನೆಯಲ್ಲಿ ಉಣ್ಣುವುದು. ಮೊಬೈಲು ಆಗಷ್ಟೇ ನಮ್ಮ ಕಡೆ ಕಾಲಿಟ್ಟಿತ್ತು. ಯಾರೋ ಭಕ್ತರು ಭಕ್ತಿ ಉಕ್ಕಿ ಹುಡುಗರಿಗೆಲ್ಲ ಒಂದೊಂದು ಕೊಡಿಸಿಬಿಟ್ಟರು. ಸ್ವಾಮೀಜಿಯವರಿಗೆ ದಿಗಿಲು ಹತ್ತಿತು. ಭಾವನನ್ನು ಕರೆಸಿ, “ಹುಡುಗ್ರ ಕೈಗೆ ಯಂತ್ರ ಬಂದೈತೆ. ದಾರಿ ತಪ್ಪದಂಗೆ ನೋಡ್ಕಳಾದು ನಿಮ್ಮ ಜವಾಬ್ದಾರಿ” ಎಂದರು.

ಸ್ವಾಮೀಜಿ ಆ ಹುಡುಗರನ್ನು ಪ್ರಚಾರಕರು ಎನ್ನುತ್ತಿದ್ದರು. ಭಾವ ಮಾತ್ರ ಅಂದಿನಿಂದ ‘ನಮ್ಮ ಮಿಷನರಿಗಳು’ ಎನ್ನತೊಡಗಿದರು. ಇಂಗ್ಲಿಷಿನಲ್ಲಿ ಹೇಳಿದರೆ ಕೆಲಸಕ್ಕೆ ಒಂದು ತೂಕ ಬರುತ್ತದಂತೆ!

ಬೋಧಿಸುವವನು ಮೊದಲು ಆಚರಿಸಬೇಕು ಎನ್ನುವುದು ಭಾವನವರ ಸಿದ್ಧಾಂತ. ಒಳ್ಳೆಯ ಸಿದ್ಧಾಂತವೇ. ಆದರೆ ಅವರ ಲೆಕ್ಕದಲ್ಲಿ ಬೋಧಿಸುವವರು ಅವರು, ಆಚರಿಸುವವರು ಅಕ್ಕ ಮತ್ತು ಮಕ್ಕಳು. ಮಿಷನರಿಗಳಿಗೆ ಹೇಳುವ ಪ್ರತಿಯೊಂದು ನಿಯಮವೂ ಮೊದಲು ಮನೆಯ ಮೇಲೆ ಪ್ರಯೋಗವಾಗುತ್ತಿತ್ತು. ಊಟಕ್ಕೆ ಕುಳಿತಾಗ ಫೋನು ಮುಟ್ಟಕೂಡದು. ಸರಿ, ಒಪ್ಪೋಣ. ದೀಪ ಹಚ್ಚಿದ ಮೇಲೆ ಟಿವಿ ಹಾಕಕೂಡದು, ಚಿತ್ತ ಚಂಚಲವಾಗುತ್ತದೆ! ಇದನ್ನು ಅಕ್ಕ ಒಪ್ಪುತ್ತಾಳೆಯೇ?

“ನಾನು ಈ ಮನೆಗೆ ಮದ್ವೆ ಆಗಿ ಬಂದಿದೀನಿ ಕಣ್ರಿ. ದೀಕ್ಷೆ ತಗಂಡು ಬಂದಿಲ್ಲ!”

“ಎರಡೂ ಒಂದೇ ಕಣೆ. ತಾಳ್ಮೆ ಬೇಕು.”

“ತಾಳ್ಮೆ ನಂಗೈತೆ. ಧಾರಾವಾಹಿಗಿಲ್ಲ! ಇನ್ನೊಂದು ಗಳಿಗೆಗೆ ಮುಗಿದು ಹೋಗುತ್ತೆ, ಸರೀರಿ ಆ ಕಡೆ.”

ಭಾವ ಸರಿದರು. ಸರಿದು, ಮರೆಯಲ್ಲಿ ನಿಂತು ಧಾರಾವಾಹಿ ಪೂರ್ತಿ ನೋಡಿದರು ಎಂದು ಅಕ್ಕನ ಮಗಳು ನನಗೆ ಗುಟ್ಟಾಗಿ ಹೇಳಿದ್ದಾಳೆ. ಮಿಷನರಿಗಳನ್ನು ಎಚ್ಚರಿಸಬೇಕಾದರೆ ಅಪಾಯ ಎಂಥದೆಂದು ಗೊತ್ತಿರಬೇಡವೇ?

ಒಂದು ದಿನ ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಮಿಷನರಿ ‘ಆಸೆಯೇ ದುಃಖಕ್ಕೆ ಮೂಲ’ ಎಂದು ಕಣ್ಣು ಮುಚ್ಚಿ ವಿವರಿಸುತ್ತಿದ್ದಾಗ ಅವನ ಜುಬ್ಬಾದ ಜೇಬಿನಿಂದ ಸಿನಿಮಾದ ಕುಣಿತದ ಹಾಡು ಹೊರಟಿತು. ಹಾಡು ಹೊರಟಿದ್ದು ಮೈಕಿನ ಪಕ್ಕದಲ್ಲೇ! ಹಿಂದೆ ಕುಳಿತಿದ್ದ ಹುಡುಗರು ಎದ್ದು ಎರಡು ಹೆಜ್ಜೆ ಹಾಕಿಯೂ ಬಿಟ್ಟರಂತೆ. ಸುದ್ದಿ ತಿಳಿದ ಭಾವ ಕೂಡಲೇ ಎಲ್ಲ ಮಿಷನರಿಗಳನ್ನೂ ಮಠಕ್ಕೆ ಕರೆಸಿ, ಎಲ್ಲರ ಫೋನಿಗೂ ಒಂದೇ ಥರದ, ಸಪ್ಪೆ ಗಂಟೆಯ ಸದ್ದು ಹಾಕಿಸಿದರು. ಪರಿಣಾಮ? ಮಧ್ಯಾಹ್ನ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಯಾರದೋ ಒಂದು ಫೋನು ಬಡಿಯಿತು. ಇಡೀ ಪಂಕ್ತಿ ಎಡಗೈಯನ್ನು ಜೇಬಿಗೆ ಹಾಕಿತು. ಪಾಯಸ ಬಡಿಸುತ್ತಿದ್ದವನು ಗಾಬರಿಯಾಗಿ ಬಕೆಟ್ಟು ಕೆಳಗಿಟ್ಟ. ಬಡಿದಿದ್ದು ಭಾವನವರದು!

ಆದರೆ ಭಾವನವರ ಪ್ರತಿಭೆ ಪೂರ್ತಿ ಅರಳಿದ್ದು ಮಿಸ್ಡ್ ಕಾಲಿನಲ್ಲಿ. ಆಗ ಕರೆ ಮಾಡಿದರೆ ದುಡ್ಡು, ಮಾಡಿ ಕತ್ತರಿಸಿದರೆ ಪುಕ್ಕಟೆ. ಮಠದ ದುಡ್ಡು ಮಾತಿನಲ್ಲಿ ಕರಗಬಾರದು ಎಂದು ಅವರು ಒಂದು ಸಂಕೇತ ಮಾಡಿದರು. ಗಂಟೆ ಒಂದು ಸಲ ಬಡಿದು ನಿಂತರೆ ಮಿಷನರಿ ಊರು ತಲುಪಿದ್ದಾನೆ. ಎರಡು ಸಲ ಬಡಿದರೆ ಪ್ರವಚನ ಚೆನ್ನಾಗಾಯಿತು. ಮೂರು ಸಲ ಬಡಿದರೆ ಕಷ್ಟದಲ್ಲಿದ್ದೇನೆ, ನೀವೇ ಫೋನ್ ಮಾಡಿ. ಯಾವ ಕಾರಣಕ್ಕೂ ಈ ಕಡೆಯವರು ಎತ್ತಕೂಡದು. ಎತ್ತಿದರೆ ಪಾಪ!

ಈ ಪಾಪಭೀತಿ ನಮಗೆಲ್ಲ ತಟ್ಟಿತು. ನಾನು ಚಿತ್ರದುರ್ಗದಿಂದ ಎಷ್ಟು ಫೋನ್ ಮಾಡಿದರೂ ಅಕ್ಕನ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಏನಾಯಿತೋ ಎಂದು ಬಸ್ಸು ಹತ್ತಿ ಹೋಗಿ ನೋಡುತ್ತೇನೆ, ಫೋನು ಟೀಪಾಯಿಯ ಮೇಲೆ ಬಡಿದುಕೊಳ್ಳುತ್ತಿದೆ, ಇಡೀ ಮನೆ ಅದರ ಸುತ್ತ ಕುಳಿತು ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನೋಡುತ್ತಿದೆ! ನಾನು ಕೈ ಚಾಚಿದೆ.

“ಮಾಮ, ಮುಟ್ಬೇಡ!” ಎಂದು ಮಕ್ಕಳಿಬ್ಬರೂ ಕಿರುಚಿದರು.

“ನೋಡಪ್ಪ,” ಅಕ್ಕ ಹಣೆ ಚಚ್ಚಿಕೊಂಡಳು. “ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಮಾರಿ ಇಲ್ಲೇ ಕುರ್ಚಿ ಮ್ಯಾಲೆ ಕುಂತೈತೆ. ಗ್ಯಾಸ್ ಮುಗಿದು ಒಂದು ವಾರ ಆತು. ನಾನೂ ಒಂದು ಮಿಸ್ಡ್ ಕಾಲ್ ಕೊಡ್ಲೇನು ಇವರಿಗೆ?”

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅಕ್ಕನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಅವಳನ್ನು ನೋಡಲು ಚಿತ್ರದುರ್ಗದಿಂದ ಒಂದು ಗಂಡಿನ ಕಡೆಯವರು ಬಂದರು. ಒಳ್ಳೆಯ ಜನ. ಉಪ್ಪಿಟ್ಟಿನ ತಟ್ಟೆ ಕೈಗೆ ಬಂದಿತ್ತು, ಮಾತು ಕುದುರುವ ಹೊತ್ತು. ಗಂಟೆ ಬಡಿಯಿತು. ಒಂದು, ಎರಡು, ಮೂರು!

ಮಿಷನರಿಗಳಲ್ಲೆಲ್ಲ ಚಿಕ್ಕವನೊಬ್ಬ ಹರಿಯಬ್ಬೆಯ ಕಡೆ ಹೋಗಿದ್ದ. ಅಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ತುದಿಯಲ್ಲಿ ಮಾತ್ರ ಎಂದು ಯಾರೋ ಹೇಳಿದ್ದರು. ಹಿಂದಿನ ಸಂಜೆ ತಾನೇ ‘ಈ ದೇಹ ನಶ್ವರ’ ಎಂದು ಮನಮುಟ್ಟುವಂತೆ ಪ್ರವಚನ ಮಾಡಿದ್ದ. ಬೆಳಿಗ್ಗೆ ಎದ್ದು ಟ್ಯಾಂಕ್ ಹತ್ತಿದ್ದಾನೆ! ಊರಿನವರು ಏನು ತಿಳಿದುಕೊಂಡಾರು? ಊರಿಗೆ ಊರೇ ಕೆಳಗೆ ನಿಂತು, “ಸ್ವಾಮ್ಯಾರೆ, ಇಳೀರಿ! ಏನೇ ಇದ್ರೂ ಕುಂತು ಮಾತಾಡಾಣ!” ಎಂದು ಕೈ ಮುಗಿಯುತ್ತಿತ್ತು. ಅವನು ಎರಡು ಸಲ ಬಡಿಸಲು ಹತ್ತಿದವನು ಗಾಬರಿಯಲ್ಲಿ ಮೂರು ಸಲ ಬಡಿಸಿದ. ಭಾವ ತಿರುಗಿ ಫೋನ್ ಮಾಡಿದರೆ, “ಸಾರ್, ಹೆಂಗಸ್ರೆಲ್ಲ ಅಳ್ತಾ ಅವ್ರೆ. ಈಗ ಇಳಿಯಾಕೆ ನಾಚ್ಕೆ ಆಗ್ತೈತೆ!” ಎಂದ.

ಭಾವ ಉಪ್ಪಿಟ್ಟಿನ ತಟ್ಟೆ ಗಂಡಿನ ತಂದೆಯ ಕೈಗೇ ಕೊಟ್ಟು ಸ್ಕೂಟರ್ ಹತ್ತಿದರು. ಹುಡುಗನೇನೋ ಇಳಿದ. ಮರುದಿನ ಅವನ ಪ್ರವಚನಕ್ಕೆ ಕುಳಿತುಕೊಳ್ಳಲು ಜಾಗವಿರಲಿಲ್ಲವಂತೆ. ಆದರೆ ಗಂಡಿನ ಕಡೆಯವರು ಹೇಳಿ ಕಳುಹಿಸಿದರು: “ಹುಡುಗಿ ಒಪ್ಪಿಗೆ ಐತೆ. ಮಾವ ಸಿಗಾದು ಕಷ್ಟ ಕಾಣ್ತೈತೆ.”

ಆ ದಿನ ಅಕ್ಕ ಬಯ್ಯಲಿಲ್ಲ. ಬಾಯಿಗೆ ಬಂದಂತೆ ಬಯ್ಯುವ ನಮ್ಮಕ್ಕ ಸುಮ್ಮನಿದ್ದಾಳೆ ಎಂದರೆ ನೋವು ಎಷ್ಟು ಆಳಕ್ಕೆ ಹೋಗಿದೆ ಎಂದು ನಮಗೆಲ್ಲ ಗೊತ್ತಾಗುತ್ತದೆ. ಭಾವನವರಿಗೂ ಗೊತ್ತಾಯಿತು.

ಕೆಲವು ತಿಂಗಳ ಮೇಲೆ ಹೊಳಲ್ಕೆರೆಯಿಂದ ಇನ್ನೊಂದು ಸಂಬಂಧ ಬಂತು. ಅಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: “ನಾಳೆ ಒಂದು ದಿನ ನೀವು ಬರೀ ನಿಮ್ಮ ಮಗಳಿಗೆ ಅಪ್ಪ. ಎದ್ದು ಹೋದ್ರೆ ನಾನು ತವರಿಗೆ ಹೊಲ್ಟೆ. ಮದ್ವೆನ ನೀವೂ ನಿಮ್ಮ ಮಿಷನರಿಗಳೂ ಸೇರಿ ಮಾಡ್ರಿ.”

ಭಾವ ಫೋನನ್ನು ತಾವಾಗಿಯೇ ತಂದು ಅಕ್ಕನ ಕೈಗಿಟ್ಟರು. ಅಕ್ಕ ಅದನ್ನು ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ಇಟ್ಟುಕೊಂಡಳು. ಗಂಡಿನ ಕಡೆಯವರು ಬಂದರು. ಪಡಸಾಲೆಯಲ್ಲಿ ಮಾತು ನಡೆದಿತ್ತು, ಒಳಗೆ ಹೋಳಿಗೆ ಬೇಯುತ್ತಿತ್ತು, ನಾನು ತಟ್ಟೆ ಸಾಗಿಸುತ್ತಿದ್ದೆ. ಗಂಟೆ ಬಡಿಯಿತು.

ಮೂರು ಸಲ.

ನಾನು ಪಡಸಾಲೆಗೆ ಇಣುಕಿದೆ. ಭಾವನವರ ಮುಖ ಬಿಳಿಚಿಕೊಂಡಿತ್ತು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಂಡಿನ ತಂದೆ ಮಳೆ ಬೆಳೆಯ ಬಗ್ಗೆ ಹೇಳುತ್ತಿದ್ದುದಕ್ಕೆ ಹೂಂಗುಟ್ಟುತ್ತಿದ್ದರು. ಮತ್ತೆ ಮೂರು ಸಲ ಬಡಿಯಿತು. ಭಾವ ಏಳಲಿಲ್ಲ. ಕಣ್ಣಿನಲ್ಲಿ ನೀರು ತುಂಬಿಕೊಂಡು ಕುಳಿತೇ ಇದ್ದರು. ಅಷ್ಟು ವರ್ಷ ಅವರನ್ನು ನೋಡಿ ನಕ್ಕಿದ್ದ ನನಗೆ ಆಗ ನಗು ಬರಲಿಲ್ಲ. ಸಂಬಂಧ ಕುದುರಿತು ಎಂದು ಈಗಲೇ ಹೇಳಿಬಿಡುತ್ತೇನೆ, ನೀವು ಚಿಂತೆ ಮಾಡಬೇಡಿ.

ಅಡುಗೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು, ಪಡಸಾಲೆಗೆ ಕರೆಯುವುದನ್ನೇ ಕಾಯುತ್ತಿದ್ದ ಮಗಳು, “ಅಮ್ಮ, ಯಾರಿಗೋ ಕಷ್ಟ ಐತೆ” ಎಂದಳು. ಅಕ್ಕ ಒಂದು ಕ್ಷಣ ಬಾಗಿಲ ಪರದೆಯ ಕಡೆ ನೋಡಿದಳು. “ಫೋನ್ ಹಚ್ಚಿ ಕೊಡು ಇಲ್ಲಿ” ಎಂದಳು. ಮಗಳೇ ಗುಂಡಿ ಒತ್ತಿ ಕೊಟ್ಟಳು.

ಅದೇ ಟ್ಯಾಂಕ್ ಹತ್ತಿದ ಹುಡುಗ. ಈಗ ಹೊಸದುರ್ಗದ ಕಡೆ ಒಂದು ಹಳ್ಳಿಯಲ್ಲಿದ್ದ.

“ಏನಪ್ಪ, ಏನಾಗೈತೆ?”

ನಾನು ಹತ್ತಿರ ಹೋಗಿ ಕಿವಿಗೊಟ್ಟೆ.

“ಏನಿಲ್ಲ ಅಮ್ಮಾರೆ. ಸಾರ್‌ಗೆ ಹೇಳಬ್ಯಾಡ್ರಿ, ಬಯ್ತಾರೆ. ಕಷ್ಟ ಏನಿಲ್ಲ, ಸುಮ್ನೆ ಮಾಡ್ದೆ.”

“ಸುಮ್ನೆ ಯಾರಾದ್ರೂ ಮೂರು ಸಲ ಮಾಡ್ತಾರೇನೋ?”

“ಸಾರ್ ನಂಗೆ ಫೋನ್ ಮಾಡಿದಾಗೆಲ್ಲ ಹಿಂದ್ಗಡೆ ನೀವು ಬಯ್ಯಾದು ಕೇಳಿಸ್ತಿತ್ತು ಅಮ್ಮಾರೆ. ನಮ್ಮವ್ವ ಇದ್ದಾಗ ಹಂಗೇ ಬಯ್ತಿದ್ಲು. ಇಲ್ಲಿ ಎಲ್ಲರೂ ನನ್ನ ಕಾಲಿಗೆ ಬೀಳ್ತಾರೆ. ಯಾರೂ ಬಯ್ಯಾದಿಲ್ಲ.”

ಅಕ್ಕ ಫೋನು ಹಿಡಿದುಕೊಂಡು ಹಾಗೇ ನಿಂತಳು. ಹಂಚಿನ ಮೇಲೆ ಹೋಳಿಗೆ ಸೀದು ಹೊಗೆ ಬರುತ್ತಿತ್ತು. ನಾನು ಒಲೆ ಆರಿಸಿದೆ. ಆಮೇಲೆ ಅಕ್ಕ ಪಡಸಾಲೆಯಲ್ಲಿ ಗಂಡಿನ ಕಡೆಯವರಿದ್ದಾರೆ ಎಂಬುದನ್ನೂ ಮರೆತು, ಮನೆ ಹಾರಿಹೋಗುವ ಹಾಗೆ ಶುರುಮಾಡಿದಳು.

“ಲೇ, ಊಟ ಮಾಡಿದ್ಯೇನೋ? ಇನ್ನೂ ಇಲ್ವಾ? ಹೊತ್ತು ಎಷ್ಟಾತು ನೋಡಿದೀಯಾ? ಆ ಫೋನ್ ಏನು ಅನ್ನ ಹಾಕುತ್ತೇನೋ ನಿಂಗೆ? ತಲೆಗೆ ಎಣ್ಣೆ ಇಟ್ಟು ಎಷ್ಟು ದಿನ ಆತು? ಬಿಸಿಲಾಗೆ ಅಲೀತೀಯಾ, ಹೇಳೋರು ಕೇಳೋರು ಯಾರೂ ಇಲ್ಲ ಅನ್ಕಂಡಿದೀಯಾ? ಮುಂದಿನ ವಾರ ಮನೆಗೆ ಬಾ, ಮಾಡ್ತೀನಿ ನಿಂಗೆ…”

ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಅಕ್ಕ ಬಯ್ಯುತ್ತಲೇ ಇದ್ದಳು. ಉಸಿರು ತೆಗೆದುಕೊಳ್ಳಲು ಅವಳು ನಿಂತಾಗ ಆ ಕಡೆಯಿಂದ ಹುಡುಗನ ದನಿ ಸಣ್ಣಗೆ ಕೇಳಿಸಿತು.

“ಇನ್ನೊಂಚೂರು ಬಯ್ರಿ ಅಮ್ಮಾರೆ.”